ಸೀಲಿಂಗಿನಲ್ಲಿ ಬಾಗಿದ ಬೆಳಕಿನ ಗೆರೆ

ಆವುಲಪ್ಪ ಯಾವ ಮನೆಗೆ ಹೋದರೂ ಮೊದಲು ತಲೆ ಎತ್ತಿ ನೋಡುತ್ತಿದ್ದ. ಮನೆಯವರು ಕೂರಲು ಹೇಳಿ, ನೀರು ಕೊಟ್ಟು, ಮಾತಿಗೆ ತೊಡಗುವಷ್ಟರಲ್ಲಿ ಸೀಲಿಂಗಿನ ನಾಲ್ಕು ಮೂಲೆಗಳನ್ನೂ ಅವನ ಕಣ್ಣು ಸುತ್ತಿ ಬಂದಿರುತ್ತಿತ್ತು. ದಿಬ್ಬೂರಹಳ್ಳಿಯ ಈ ಪೇಂಟರಿಗೆ ಐವತ್ತಾರು ವರ್ಷ. ಮೂವತ್ತೈದು ವರ್ಷ ಮೇಲೆ ನೋಡಿಕೊಂಡೇ ಕೆಲಸ ಮಾಡಿ ಅವನ ಕತ್ತು ಸ್ವಲ್ಪ ಹಿಂದಕ್ಕೆ ನಿಂತುಬಿಟ್ಟಿತ್ತು. ಗುರುತಿಲ್ಲದವರು ಇವನಿಗೆ ಎಷ್ಟು ಗರ್ವ ಅಂದುಕೊಳ್ಳುತ್ತಿದ್ದರು. ಮಕ್ಕಳಿಬ್ಬರೂ ಓದಿ ಕೆಲಸ ಹಿಡಿದಿದ್ದರು, ಏಣಿ ಇಳಿಯಪ್ಪ ಸಾಕು ಎಂದು ಹಬ್ಬಕ್ಕೆ ಬಂದಾಗಲೆಲ್ಲ ಹೇಳುತ್ತಿದ್ದರು. ಆವುಲಪ್ಪ ಇಳಿಯಲಿಲ್ಲ. ಅವನ ಹೆಂಡತಿ ಅನಸೂಯಮ್ಮನೂ ಎಮರಿ ಪೇಪರ್ ಕೈಬಿಡಲಿಲ್ಲ. ಗೋಡೆ ಉಜ್ಜುವುದು, ಪುಟ್ಟಿ ಕಲಸುವುದು ಅವಳ ಕೆಲಸ. ಮೇಲೆ ಹತ್ತುವುದು ಇವನದು.

ಸೀಲಿಂಗ್ ನೋಡುವ ಚಾಳಿ ಅವನಿಗೆ ಹತ್ತಿದ್ದು ಗೌರಿಬಿದನೂರಿನಲ್ಲಿ. ಹದಿನಾಲ್ಕು ವರ್ಷದ ಹಿಂದೆ ಅಲ್ಲೊಂದು ಬಾಡಿಗೆ ಮನೆಯ ಅಡುಗೆಮನೆಗೆ ಬಣ್ಣ ಬಳಿದಿದ್ದ. ಸೀಲಿಂಗಿನಲ್ಲಿ ದಾರ ಹಿಡಿದು ಎಳೆದ ಹಾಗೆ ನೇರವಾದ ಒಂದು ಬಿರುಕು, ಅದರ ಅಂಚಿಗೆ ಟೀ ಚೆಲ್ಲಿದಂಥ ಕಲೆ. “ಪುಟ್ಟಿ ತುಂಬಿ ಮುಚ್ಚಪ್ಪ, ಬಾಡಿಗೆಯವರು ಬರ್ತಾರೆ” ಎಂದಿದ್ದ ಮಾಲೀಕ. ಆವುಲಪ್ಪ ಮುಚ್ಚಿದ. ಎರಡು ಕೋಟ್ ಪುಟ್ಟಿ, ಒಂದು ಕೋಟ್ ಪ್ರೈಮರ್, ಅದರ ಮೇಲೆ ಬೆಣ್ಣೆ ಬಣ್ಣದ, ಹೊಳಪಿಲ್ಲದ ಮ್ಯಾಟ್ ಎಮಲ್ಷನ್. ಬೆರಳಾಡಿಸಿದರೂ ಬಿರುಕು ಎಲ್ಲಿತ್ತೆಂದು ಗೊತ್ತಾಗದಂಥ ನುಣುಪು. ಹನ್ನೊಂದು ತಿಂಗಳಿಗೆ ಆ ಸೀಲಿಂಗ್ ಕಳಚಿ, ಕೆಳಗೆ ಮುದ್ದೆ ತಿರುವುತ್ತಿದ್ದ ಆಂಜಿನಮ್ಮ ಎಂಬ ಹೆಂಗಸಿನ ತಲೆಯ ಮೇಲೆ ಬಿತ್ತು. ಮೂರನೇ ದಿನ ಆಕೆ ತೀರಿಕೊಂಡಳು. ಸುದ್ದಿ ಕೇಳಿ ಓಡಿಹೋದ ಆವುಲಪ್ಪನಿಗೆ ಕಂಡದ್ದು ಬಾಗಿಲ ಹೊರಗೆ ಗುಡಿಸಿ ಹಾಕಿದ್ದ ಗಾರೆಯ ರಾಶಿ. ಒಂದೊಂದು ಚೂರಿನ ಒಂದು ಮುಖಕ್ಕೆ ಬೆಣ್ಣೆ ಬಣ್ಣ. ಯಾರೂ ಅವನನ್ನು ಬೈಯಲಿಲ್ಲ. ಬಣ್ಣ ಬಳಿದವನು ಯಾರೆಂದು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಅವನಿಗೆ ಆ ಮಾತನ್ನು ಅನಸೂಯಮ್ಮನ ಹತ್ತಿರ ಹೇಳುವುದಕ್ಕೇ ಎರಡು ವರ್ಷ ಹಿಡಿಯಿತು.

ಸಾದಲಿಯಿಂದ ಹರಿತಾ ಫೋನ್ ಮಾಡಿದ್ದು ಕಳೆದ ವರ್ಷ, ಶ್ರಾವಣ ಮುಗಿಯುವ ಹೊತ್ತಿಗೆ. ಹರಿತಾ ಅಲ್ಲಿನ ಮುನಿಶಾಮಪ್ಪನ ಹಿರಿಯ ಸೊಸೆ. ಗಂಡ ಮುರಳಿಮೋಹನ್ ಚಿಂತಾಮಣಿಯಲ್ಲಿ ಹೈಸ್ಕೂಲ್ ಮೇಷ್ಟ್ರು, ದಿನಾ ಹೋಗಿಬರುತ್ತಿದ್ದ. ಮನೆಯ ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಶೆಡ್ಡು ಎರಡನ್ನೂ ಮುನಿಶಾಮಪ್ಪನೇ ನೋಡಿಕೊಳ್ಳುತ್ತಿದ್ದ. ಮೈದುನ ಮೋಹನ್‌ಬಾಬುವಿಗೆ ಚಿಕ್ಕಬಳ್ಳಾಪುರದ ಕಡೆಯ ಹೆಣ್ಣು ಗೊತ್ತಾಗುವ ಹಾಗಿತ್ತು. ಕಾರ್ತಿಕದಲ್ಲಿ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು.

“ಆವುಲಪ್ಪಣ್ಣ, ಬೇರೆಲ್ಲಾ ಚೆನ್ನಾಗೈತೆ. ಅಡುಗೆಮನೆ ಸೀಲಿಂಗ್ ಒಂದೇ ಮಾಡ್ಬೇಕಿರೋದು” ಎಂದಳು. “ಬಣ್ಣದ ಬಗ್ಗೆ ಮನೇಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಯಾವ ಕಲರ್, ಯಾವ ಫಿನಿಶ್ ಅಂತ ನೀವೇ ಬಂದು ಹೇಳ್ಬಿಡಿ.”

ಆ ಮನೆ ಆವುಲಪ್ಪನಿಗೆ ಗೊತ್ತಿತ್ತು, ಅಡುಗೆಮನೆಯೊಂದನ್ನು ಬಿಟ್ಟು. ಇಪ್ಪತ್ತೆರಡು ವರ್ಷದ ಹಿಂದೆ ಮುನಿಶಾಮಪ್ಪ ಅದನ್ನು ಕಟ್ಟಿಸಿದಾಗ ಹೊರಗೋಡೆ, ಜಗಲಿ, ನಡುಮನೆಗಳಿಗೆ ಬಣ್ಣ ಬಳಿದವನು ಇವನೇ. ಅಡುಗೆಮನೆಗೆ ಬೇರೆಯವರು ಬಂದಿದ್ದರು. ಇವನ ಬಣ್ಣದ ಡಬ್ಬಿ ಆ ಹೊಸ್ತಿಲು ದಾಟಲಿಲ್ಲ. ದಾಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಈ ಸಲ ಹರಿತಾ ಅವರಿಬ್ಬರನ್ನೂ ನೇರವಾಗಿ ಒಳಗೇ ಕರೆದುಕೊಂಡು ಹೋದಳು. ಅತ್ತೆ ಕದಿರಮ್ಮ ಮೂಲೆಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಳು. ಆವುಲಪ್ಪನ ಕಾಲು ಹೊಸ್ತಿಲು ದಾಟಿದ್ದು ಕಂಡು ಅರ್ಧ ಎದ್ದಳು. ಸೊಸೆಯ ಮುಖ ನೋಡಿದಳು. “ಪೋನೀಲೇ” ಎಂದು, ಹೋಗಲಿ ಬಿಡು ಎನ್ನುವ ಹಾಗೆ, ತನ್ನಷ್ಟಕ್ಕೆ ತೆಲುಗಿನಲ್ಲಿ ಗೊಣಗಿ ಮತ್ತೆ ಕೂತಳು.

ಆವುಲಪ್ಪನಿಗೆ ಅದನ್ನೆಲ್ಲ ಗಮನಿಸಲು ಪುರಸೊತ್ತಿರಲಿಲ್ಲ. ಅವನು ತಲೆ ಎತ್ತಿದ್ದ. ಒಲೆಯ ನೇರ ಮೇಲೆ, ಕಿಟಕಿಯ ಕಡೆಯಿಂದ ಬಾಗಿಲ ಕಡೆಗೆ ಒಂದು ಬಿರುಕು ಹೊರಟಿತ್ತು. ಅದಕ್ಕೆ ಒಂದು ಗೇಣು ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕ ಮತ್ತೊಂದು. ಮೂರೂ ನೇರ, ಮೂರಕ್ಕೂ ಒಂದೇ ಅಂತರ. ಸುಮ್ಮನೆ ಬಿಟ್ಟ ಬಿರುಕು ಹೀಗೆ ಸಾಲುಗಟ್ಟಿ ನಿಲ್ಲುವುದಿಲ್ಲ. ಒಳಗಿರುವ ಕಂಬಿಗಳ ಗುಂಟ ಬಿಟ್ಟರೆ ಮಾತ್ರ ಹೀಗೆ. ಬಿರುಕಿನ ಅಂಚುಗಳು ಟೀ ಬಣ್ಣಕ್ಕೆ ತಿರುಗಿದ್ದವು.

ಸ್ಟೂಲು ಹತ್ತಿ, ಕೈಯಲ್ಲಿದ್ದ ಹೆರೆಯುವ ಪಟ್ಟಿಯ ಮರದ ಹಿಡಿಯಿಂದ ಅವನು ಮೂಲೆಯಿಂದ ಬಡಿಯುತ್ತ ಬಂದ. ಟಕ್, ಟಕ್, ಟಕ್. ಗಟ್ಟಿಯಿದ್ದ ಕಡೆ ಸದ್ದು ಕೈಗೆ ವಾಪಸು ಬರುತ್ತಿತ್ತು. ಒಲೆಯ ಮೇಲಕ್ಕೆ ಬಂದಾಗ ಸದ್ದು ಬದಲಾಯಿತು. ಖಾಲಿ ಡಬ್ಬ ಬಡಿದ ಹಾಗೆ ಟೊಳ್ಳು. ಅವನು ಅಲ್ಲಿಗೇ ನಿಲ್ಲಿಸಿದ. ಅನಸೂಯಮ್ಮ ಕೆಳಗಿನಿಂದ ಅವನ ಮುಖ ನೋಡಿ, ಏನೂ ಕೇಳದೆ ಕದಿರಮ್ಮನ ಮುಂದಿದ್ದ ಅಲಸಂದೆಯ ಮೊರವನ್ನು ಗೋಡೆಯ ಪಕ್ಕಕ್ಕೆ ಸರಿಸಿದಳು.

ತಾರಸಿ ಹತ್ತಿ ನೋಡಿದರೆ ನೀರಿನ ಟ್ಯಾಂಕು ಸರಿಯಾಗಿ ಅಡುಗೆಮನೆಯ ಮೇಲೆ. ಅದರ ಬುಡದಲ್ಲಿ ಪಾಚಿ. ತುಂಬಿ ಚೆಲ್ಲಿದ ನೀರು ಹರಿದುಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತ್ತು.

ಮುನಿಶಾಮಪ್ಪ ಜಗಲಿಯಲ್ಲಿ ಕೂತಿದ್ದ. ಎಪ್ಪತ್ತು ದಾಟಿದರೂ ನೆಟ್ಟಗಿದ್ದ ಮನುಷ್ಯ. ಆವುಲಪ್ಪ ನಿಂತುಕೊಂಡೇ ಹೇಳಿದ: “ಯಜಮಾನ್ರೆ, ಇದು ಪೇಂಟಲ್ಲಿ ಹೋಗೋ ಕೆಲಸ ಅಲ್ಲ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬೈತೆ. ಅದು ಗಾರೆನ ಕೆಳಕ್ಕೆ ತಳ್ತಾ ಐತೆ. ಯಾರಾದ್ರೂ ಒಳ್ಳೆ ಮೇಸ್ತ್ರಿನ ಕರೆಸಿ, ಒಡೆದು ನೋಡ್ಬೇಕು.”

“ಒಡಿಯೋದಾ?” ಮುನಿಶಾಮಪ್ಪನ ದನಿ ಏರಿತು. “ಈ ಮನೆ ಮೋಲ್ಡ್ ಹಾಕಿದಾಗ ಇಪ್ಪತ್ತೊಂದು ದಿನ ನಾನೇ ನಿಂತು ನೀರು ಕಟ್ಸಿದೀನಿ ಕಣೋ. ಬಣ್ಣ ಬಳಿ ಅಂತ ಕರೆದ್ರೆ ಮನೆ ಬೀಳ್ತೈತೆ ಅಂತೀಯಾ? ಹೆಣ್ಣಿನ ಕಡೇರು ಬರೋ ಮನೇಲಿ ಇಂಥ ಮಾತಾ?”

ಸಿಟ್ಟು ಬಂದವರು ಎದುರಿಗಿದ್ದವರ ಮುಖ ನೋಡಿ ಬೈಯುತ್ತಾರೆ. ಮುನಿಶಾಮಪ್ಪ ಕೆರೆಯ ಕಡೆಗಿದ್ದ ತನ್ನ ಹೊಲವನ್ನು ನೋಡುತ್ತ ಬೈದ. ಅದೇಕೋ ಆವುಲಪ್ಪನ ಮನಸ್ಸಿಗೆ ಚುಚ್ಚಿತು.

“ಮ್ಯಾಟ್ ಹಾಕು” ಎಂದ ಮುನಿಶಾಮಪ್ಪ ಆಮೇಲೆ, ದನಿ ತಗ್ಗಿಸಿ. “ಅಂಗಡಿಯೋನು ಹೇಳ್ದ, ಮ್ಯಾಟ್ ಹಾಕಿದ್ರೆ ಉಬ್ಬು ತಗ್ಗು ಒಂದೂ ಕಾಣಲ್ವಂತೆ. ಪುಟ್ಟಿ ತುಂಬಿ, ಬೆಣ್ಣೆ ಕಲರ್ ಬಳಿ. ಆಗಲ್ಲ ಅಂದ್ರೆ ಹೇಳ್ಬಿಡು, ನಾಳೆ ಶಿಡ್ಲಘಟ್ಟದಿಂದ ಬೇರೆಯೋರು ಬರ್ತಾರೆ.”

ಅದೇ ಬಣ್ಣ, ಅದೇ ಮ್ಯಾಟ್. ಆವುಲಪ್ಪ ಹಿತ್ತಲಿಗೆ ಹೋಗಿ ನಲ್ಲಿಯ ಹತ್ತಿರ ನಿಂತ. ಅನಸೂಯಮ್ಮ ಹಿಂದೆಯೇ ಬಂದಳು.

“ಬೇಡ, ಹೋಗಣ ನಡಿ” ಎಂದಳು. “ಇನ್ನೊಂದು ಆಂಜಿನಮ್ಮನ್ನ ನೀನು ಹೊರಕ್ಕಾಗಲ್ಲ.”

“ನಾವು ಹೋದ್ರೆ ನಾಳೆ ಇನ್ನೊಬ್ಬ ಬಂದು ನುಣ್ಣಗೆ ಮುಚ್ಚಿ ಹೋಗ್ತಾನೆ. ಆಮೇಲೆ ಯಾರ ಕಣ್ಣಿಗೂ ಏನೂ ಬೀಳಲ್ಲ.”

“ಮತ್ತೆ ನೀನು ಏನ್ ಮಾಡ್ತೀಯ?”

“ಮುಚ್ಚದೇ ಇರೋ ಹಂಗೆ ಬಳಿತೀನಿ” ಎಂದ ಆವುಲಪ್ಪ.

ಒಳಗೆ ಬಂದು ಅವನು ಮನೆಯವರೆಲ್ಲರ ಮುಂದೆ ಶೇಡ್ ಕಾರ್ಡ್ ಬಿಚ್ಚಿದ. ಬಾಯಲ್ಲಿ ಬಂದದ್ದೆಲ್ಲ ನಿಜವೇ, ಆದರೆ ಹೇಳುತ್ತಿದ್ದ ಕಾರಣ ಮಾತ್ರ ಅವನದಾಗಿರಲಿಲ್ಲ. ಅಡುಗೆಮನೆಯಲ್ಲಿ ದಿನಾ ಒಗ್ಗರಣೆ ಹೊಗೆ. ಮ್ಯಾಟ್ ಆದರೆ ಜಿಡ್ಡು ಕುಡಿದುಬಿಡುತ್ತದೆ, ಒರೆಸಿದರೆ ಕಲೆ ಹರಡುತ್ತದೆ. ಬೆಣ್ಣೆ ಬಣ್ಣ ಹೊಗೆಗೆ ಎರಡೇ ವರ್ಷಕ್ಕೆ ಗೋಣಿಚೀಲದ ಬಣ್ಣವಾಗುತ್ತದೆ. ಅದೇ ಬಿಳಿ ಆಯಿಲ್ ಪೇಂಟ್, ಗ್ಲಾಸಿ ಹಾಕಿದರೆ ಸೋಪಿನ ಬಟ್ಟೆಯಲ್ಲಿ ಒರೆಸಬಹುದು, ಒಂದು ಟ್ಯೂಬ್‌ಲೈಟಿಗೆ ಎರಡರ ಬೆಳಕು ಬರುತ್ತದೆ.

“ಹೆಣ್ಣಿನ ಕಡೇರು ಒಳಗೆ ಬಂದ್ರೆ ಅಡುಗೆಮನೆ ಫಳಫಳ ಅನ್ಬೇಕು ಯಜಮಾನ್ರೆ” ಎಂದ.

ಆ ಮಾತು ನಾಟಿತು. ಹರಿತಾಳಿಗೂ ಬಿಳಿಯೇ ಬೇಕಿತ್ತು. ಕದಿರಮ್ಮ ಮಾತ್ರ, “ಆಸ್ಪತ್ರೆ ಥರ ಆಗ್ತೈತೆ ಕಣಮ್ಮ” ಎಂದು ಎರಡು ಸಲ ಹೇಳಿ ಸುಮ್ಮನಾದಳು. ಟ್ಯಾಂಕನ್ನು ಅಲ್ಲಿಂದ ಸರಿಸಬೇಕೆಂದು ಆವುಲಪ್ಪ ಷರತ್ತು ಹಾಕಿದ. ಒಂದು ವಾರದಲ್ಲಿ ಸರಿಸುವುದಾಗಿ ಮುನಿಶಾಮಪ್ಪ ಒಪ್ಪಿದ.

ಆವುಲಪ್ಪನ ಎದೆಯೊಳಗಿದ್ದ ಲೆಕ್ಕವೇ ಬೇರೆ. ತುಕ್ಕಿನ ಕಲೆ ಬೆಣ್ಣೆ ಬಣ್ಣದ ಮೇಲೆ ತಿಂಗಳುಗಟ್ಟಲೆ ಕಾಣುವುದಿಲ್ಲ. ಬಿಳಿಯ ಮೇಲೆ ಸಾಸಿವೆ ಕಾಳಿನಷ್ಟಿದ್ದರೂ ಕಾಣುತ್ತದೆ. ಮ್ಯಾಟ್ ಬೆಳಕನ್ನು ನುಂಗುತ್ತದೆ. ಗ್ಲಾಸಿ ಕನ್ನಡಿಯ ಹಾಗೆ, ಕೂದಲೆಳೆಯಷ್ಟು ಉಬ್ಬಿದರೂ ಬಯಲು ಮಾಡುತ್ತದೆ. ಆದರೆ ಆಯಿಲ್ ಪೇಂಟಿಗೆ ಇನ್ನೊಂದು ಗುಣವಿತ್ತು, ಅದನ್ನು ಅವನು ಯಾರಿಗೂ ಹೇಳಲಿಲ್ಲ. ಅದು ಗಾರೆಯ ಉಸಿರು ಕಟ್ಟಿಸುತ್ತದೆ. ಮೇಲಿನಿಂದ ಇಳಿದ ನೀರು ಆರಿಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ, ಕಂಬಿಯನ್ನು ಇನ್ನೂ ಬೇಗ ತಿನ್ನುತ್ತದೆ. ಟ್ಯಾಂಕು ಸರಿದರೆ ಆ ಭಯವಿಲ್ಲ. ಸರಿಯದಿದ್ದರೆ?

ಎರಡು ದಿನದ ಕೆಲಸ. ಸಡಿಲ ಬಣ್ಣ ಹೆರೆಯುವಾಗ ಬಿರುಕಿನಿಂದ ಪುಡಿ ಉದುರಿ ಅವನ ಮುಖದ ಮೇಲೆ ಬಿತ್ತು. ಬೆರಳಲ್ಲಿ ಉಜ್ಜಿ ನೋಡಿದ. ಮರಳು ಚರಚರ ಎನ್ನಬೇಕು. ಇದು ನುಣ್ಣಗೆ, ಬೆವರಿಗೆ ಅಂಟಿಕೊಂಡು ಕೆಸರಾಯಿತು. ಅವನು ಲುಂಗಿಗೆ ಕೈ ಒರೆಸಿಕೊಂಡ.

ಎರಡನೇ ದಿನ ಸಂಜೆ ಹರಿತಾಳನ್ನು ಒಬ್ಬಳನ್ನೇ ಕರೆದು ಟ್ಯೂಬ್‌ಲೈಟ್ ಹಾಕಿಸಿದ. ಬಿಳಿ ಸೀಲಿಂಗಿನ ಮೇಲೆ, ಗೋಡೆಯ ಟ್ಯೂಬಿನ ಬೆಳಕು ಒಂದು ಉದ್ದನೆಯ ಗೆರೆಯಾಗಿ ಬಿದ್ದಿತು. ಒಲೆಯ ಮೇಲೆ ಬಂದ ಕಡೆ ಗೆರೆ ಸ್ವಲ್ಪವೇ ಬಾಗಿತ್ತು.

“ಹರಿತಮ್ಮ, ಈ ಗೆರೆ ನೋಡ್ಕೊಳಮ್ಮ. ಇವತ್ತು ಇಷ್ಟು ಬಗ್ಗೈತೆ. ಪ್ರತಿ ಸೋಮವಾರ ಇದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆದು ನನಗೆ ಕಳಿಸು. ಬಗ್ಗೋದು ಜಾಸ್ತಿ ಆದ್ರೂ, ಬಿಳೀ ಮೇಲೆ ಟೀ ಬಣ್ಣ ಕಂಡ್ರೂ ನನಗೆ ಹೇಳ್ಬೇಕು. ಗೆರೆ ತುಂಡಾದ ದಿವಸ ಈ ರೂಮಲ್ಲಿ ಯಾರೂ ಇರಬಾರದು. ಯಾರು ಏನಂದ್ರೂ ಸರಿ.”

ಹರಿತಾ ಮೇಲೆ ನೋಡಿದಳು, ಅವನ ಮುಖ ನೋಡಿದಳು. ಹಿಂದಕ್ಕೆ ಎರಡು ಹೆಜ್ಜೆ ಇಟ್ಟಳು. “ನೀವು ಇದಕ್ಕೇ ಗ್ಲಾಸಿ ಹಾಕಿದ್ದಾ?” ಎಂದಳು.

ಅವನು ಹೌದೆಂದು ತಲೆಯಾಡಿಸಿದ.

ಮೊದಲ ಸೋಮವಾರದ ಫೋಟೋ ಬಂದಾಗ ಅವನು ಚಿಂತಾಮಣಿಯಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ಬಣ್ಣ ಬಳಿಯುತ್ತಿದ್ದ. ಗೆರೆ ಹಾಗೇ ಇತ್ತು. ಎರಡನೆಯದರಲ್ಲೂ ಹಾಗೇ ಇತ್ತು. ಮೂರನೆಯದರ ಜೊತೆಗೆ ಹರಿತಾ ಬರೆದಿದ್ದಳು: “ಟ್ಯಾಂಕ್ ಇನ್ನೂ ಸರಿಸಿಲ್ಲ.” ನಾಲ್ಕನೇ ವಾರ ಮಳೆ ಹಿಡಿಯಿತು. ಐದನೇ ಫೋಟೋದಲ್ಲಿ ಗೆರೆ ನೀರಿನಲ್ಲಿ ಅರ್ಧ ಮುಳುಗಿಸಿದ ಕೋಲಿನ ಹಾಗೆ ಬಾಗಿ ಕಾಣುತ್ತಿತ್ತು. ಆವುಲಪ್ಪ ಆ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ, ಮೊದಲನೆಯದರ ಪಕ್ಕ ಇಟ್ಟು, ಮತ್ತೆ ಮತ್ತೆ ನೋಡಿದ. ಮಧ್ಯಾಹ್ನದ ಊಟ ಬಿಚ್ಚಿದವನು ಹಾಗೇ ಕಟ್ಟಿಟ್ಟ.

ಮುರಳಿಮೋಹನ್‌ಗೆ ಫೋನ್ ಮಾಡಿದ. “ಅಪ್ಪಂಗೆ ಹೇಳ್ತೀನಿ ಆವುಲಪ್ಪ. ಕಾರ್ತಿಕ ಒಂದು ಮುಗೀಲಿ” ಎಂದ ಮೇಷ್ಟ್ರು. ಮುನಿಶಾಮಪ್ಪನಿಗೇ ಮಾಡಿದ. ಫೋನ್ ಎತ್ತಲಿಲ್ಲ. ಸಾದಲಿಗೆ ಹೋಗಿ ನಿಂತರೆ ಹುಳು ನಾಲ್ಕನೇ ಜ್ವರಕ್ಕೆ, ಕೊನೆಯ ಸಲ ಪೊರೆ ಬಿಡುವ ಹೊತ್ತಿಗೆ ಬಂದಿವೆ, ಶೆಡ್ಡಿನಿಂದ ಈಚೆ ಬರಲು ಆಗುವುದಿಲ್ಲ ಎಂದು ಹೇಳಿಕಳಿಸಿದ.

ಅನಸೂಯಮ್ಮನಿಗೆ ಗಂಡ ದಿನದಿನಕ್ಕೆ ಕುಗ್ಗುತ್ತಿರುವುದು ಕಾಣುತ್ತಿತ್ತು. “ನೀನು ಹೇಳೋದೆಲ್ಲ ಹೇಳಿದೀಯ. ಇನ್ನೇನು ಮಾಡ್ತೀಯ?” ಎಂದಳು.

“ಹೇಳಿದೀನಿ. ಆದ್ರೆ ಮೇಲಿನ ನೀರಿಗೆ ಬಾಗಿಲು ಹಾಕಿದವನೂ ನಾನೇ” ಎಂದ ಅವನು. “ಉಸಿರಾಡೋ ಡಿಸ್ಟೆಂಪರ್ ಬಳಿದಿದ್ರೆ ಇನ್ನೊಂದೆರಡು ವರ್ಷ ನಿಲ್ತಿತ್ತೇನೋ. ತೋರಿಸೋಕೆ ಹೋಗಿ ನಾನೇ ಬೀಳಿಸ್ತಿದೀನೇನೋ.”



ಕಾರ್ತಿಕದ ಎರಡನೇ ಭಾನುವಾರ ಹೆಣ್ಣಿನ ಕಡೆಯವರು ಬರುವ ದಿನ. ಸೋಮವಾರ ಬರಬೇಕಾದ ಫೋಟೋ ಭಾನುವಾರ ಬೆಳಿಗ್ಗೆ ಏಳಕ್ಕೇ ಬಂತು. ಬೆಳಕಿನ ಗೆರೆ ಎರಡು ತುಂಡಾಗಿತ್ತು. ಎರಡು ತುಂಡುಗಳ ನಡುವೆ, ಅಚ್ಚ ಬಿಳಿಯ ಮೇಲೆ, ನಾಣ್ಯದಷ್ಟಗಲ ಟೀ ಬಣ್ಣ. ಆವುಲಪ್ಪ ಅಂಗಿ ಹಾಕಿಕೊಳ್ಳುತ್ತಲೇ ಮೊಪೆಡ್ ಹೊರಡಿಸಿದ. ಅನಸೂಯಮ್ಮ ಹಿಂದೆ ಕೂತಳು.

ಸಾದಲಿಯ ಆ ಮನೆಯಲ್ಲಿ ಅಡುಗೆ ಆಗಲೇ ಶುರುವಾಗಿತ್ತು. ಕದಿರಮ್ಮ ಒಲೆಯ ಮುಂದೆ ನಿಂತು ಒಬ್ಬಟ್ಟು ಬೇಯಿಸುತ್ತಿದ್ದಳು. ಹರಿತಾ ಬಾಗಿಲಲ್ಲಿ ನಿಂತು ಬೇಡಿಕೊಳ್ಳುತ್ತಿದ್ದಳು. ಆವುಲಪ್ಪ ಯಾರನ್ನೂ ಕೇಳಲಿಲ್ಲ. ಸೀದಾ ಒಳಗೆ ಹೋಗಿ ಗ್ಯಾಸ್ ಆರಿಸಿದ, ಹಂಚಿನ ಸಮೇತ ಒಲೆ ಎತ್ತಿಕೊಂಡ. ಅನಸೂಯಮ್ಮ ಸಿಲಿಂಡರ್ ಉರುಳಿಸಿಕೊಂಡು ಹಿತ್ತಲಿಗೆ ಸಾಗಿಸಿದಳು. ಕದಿರಮ್ಮ ಕೈಯಲ್ಲಿ ಮಗುಚುವ ಸೌಟು ಹಿಡಿದು ಬಾಯಿ ತೆರೆದು ನಿಂತಳು.

ಮುನಿಶಾಮಪ್ಪ ಓಡಿಬಂದ. “ಯಾರ ಮನೆ ಅಂತ ಒಲೆ ಎತ್ತಿದ್ಯೋ?”

“ಇವತ್ತೊಂದು ದಿನ ಹಿತ್ತಲಲ್ಲಿ ಅಡುಗೆ ಮಾಡ್ಸಿ. ಕೈ ಮುಗೀತೀನಿ.”

ಅಷ್ಟರಲ್ಲಿ ಊರಬಾಗಿಲಿಗೆ ಎರಡು ಕಾರು ಬಂದವು. ಜಗಳಕ್ಕೆ ಹೊತ್ತಿರಲಿಲ್ಲ. ಅಡುಗೆ ಹಿತ್ತಲಲ್ಲೇ ನಡೆಯಿತು. ಹೆಣ್ಣಿನ ತಾಯಿ, ಚಿಕ್ಕಮ್ಮ, ಅತ್ತಿಗೆಯರು ಮನೆಯೆಲ್ಲ ಸುತ್ತಿ ಅಡುಗೆಮನೆಗೂ ಬಂದರು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಆವುಲಪ್ಪ ಸೀಲಿಂಗಿನಿಂದ ಕಣ್ಣು ತೆಗೆಯಲಿಲ್ಲ. ಅವರು ಐದು ಜನ ಒಳಗೆ ನಿಂತು, ಕತ್ತೆತ್ತಿ, ಎಷ್ಟು ಬೆಳ್ಳಗೈತೆ ನೋಡು, ಕನ್ನಡಿ ಇದ್ದಂಗೈತೆ ಎಂದು ಮಾತಾಡಿಕೊಂಡರು. ಒಬ್ಬಾಕೆ ಆ ಟೀ ಬಣ್ಣದ ಚುಕ್ಕೆಯನ್ನೂ ನೋಡಿದಳು, ಹಲ್ಲಿ ಗಲೀಜು ಮಾಡಿರಬೇಕು ಎಂದಳು. ನಗುತ್ತ ಈಚೆ ಬಂದರು. ಊಟವಾಯಿತು. ತಾಂಬೂಲವಾಯಿತು. ಕಾರುಗಳು ಹೋದವು.

ಸೀಲಿಂಗ್ ಬೀಳಲಿಲ್ಲ.

“ಬಿತ್ತೇನೋ?” ಎಂದ ಮುನಿಶಾಮಪ್ಪ, ಊರಿನ ನಾಲ್ಕು ಜನರ ಎದುರಿಗೆ. “ಎಲ್ಲೋ ಬಿತ್ತು? ತೋರ್ಸು. ಬಣ್ಣ ಬಳಿಯೋನಿಗೆ ಮನೆ ಒಳಕ್ಕೆ ದಾರಿ ಕೊಟ್ಟಿದ್ದೇ ತಪ್ಪಾಯ್ತು. ಇನ್ನೊಂದ್ಸಲ ಈ ಹೊಸ್ತಿಲ ಮೇಲೆ ಕಾಲಿಡಬೇಡ.”

ಒಲೆ ವಾಪಸು ಒಳಗೆ ಹೋಯಿತು. ಸಿಲಿಂಡರನ್ನು ಮಾತ್ರ ಹರಿತಾ ಒಳಗೆ ತರಲು ಬಿಡಲಿಲ್ಲ. ಹಿತ್ತಲ ಗೋಡೆಗೆ ಒರಗಿಸಿ, ಕಿಟಕಿಯ ಕಂಡಿಯಿಂದ ಪೈಪ್ ಹಾಯಿಸಿದಳು.

ದಿಬ್ಬೂರಹಳ್ಳಿಗೆ ಬಂದ ಆವುಲಪ್ಪ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಬೀಳದಿದ್ದರೆ ಸಾಕು, ತಾನು ಹುಚ್ಚನೆನಿಸಿಕೊಂಡರೂ ಸರಿ ಎಂದು ಒಂದು ಗಳಿಗೆ. ಬೀಳುತ್ತದೆ, ಇವತ್ತೇ ಬೀಳುತ್ತದೆ ಎಂದು ಮತ್ತೊಂದು ಗಳಿಗೆ. ಬುಧವಾರ ಬೆಳಿಗ್ಗೆ ಎದ್ದವನೇ, “ಅವರ ಹೊಸ್ತಿಲು ತುಳಿಯಲ್ಲ, ಜಗಲೀಲಿ ಕೂತ್ಕೊಂಡು ಮಾತಾಡ್ತೀನಿ. ಟ್ಯಾಂಕ್ ನಾನೇ ಸರಿಸಿ ಕೊಡ್ತೀನಿ ಅಂತೀನಿ” ಎಂದು ಹೊರಟ.

ಹನ್ನೊಂದು ಗಂಟೆಯ ಹೊತ್ತು. ಮುನಿಶಾಮಪ್ಪ ಶೆಡ್ಡಿನಲ್ಲಿದ್ದ. ಹರಿತಾ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಆವುಲಪ್ಪ ಜಗಲಿಯ ಅಂಚಿನಲ್ಲಿ ಕೂತ. ಮನೆಯೊಳಗೆ ಬೇಳೆ ಕುದಿಯುವ ವಾಸನೆ. ಆಗ ಒಂದು ಸಣ್ಣ ಸದ್ದು ಕೇಳಿಸಿತು, ಸ್ಟೀಲ್ ತಟ್ಟೆಯ ಮೇಲೆ ಯಾರೋ ರಾಗಿ ಸುರಿದ ಹಾಗೆ. ನಿಂತಿತು. ಮತ್ತೆ ಸುರಿಯಿತು.

ಅವನು ಯಾವಾಗ ಎದ್ದ, ಯಾವಾಗ ಹೊಸ್ತಿಲು ದಾಟಿದ ಎಂದು ಅವನಿಗೇ ತಿಳಿಯಲಿಲ್ಲ. ಕದಿರಮ್ಮ ಒಲೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಕೆಂಪು ಪುಡಿ. ಅದು ಎಲ್ಲಿಂದ ಬರುತ್ತಿದೆ ಎಂದು ಅವಳು ಮೇಲೆ ನೋಡುತ್ತಿದ್ದಳು.

“ಅಮ್ಮಾ, ಬನ್ನಿ ಈಚೆ!”

ಅವಳು ತಿರುಗಿ ಅವನನ್ನು ನೋಡಿದಳು, ಕದಲಲಿಲ್ಲ. ಆವುಲಪ್ಪ ಅವಳ ರೆಟ್ಟೆ ಹಿಡಿದು ಎಳೆದ. ಬಿಳಿ ಸೀಲಿಂಗ್ ಒಂದು ಸಲ ನಿಟ್ಟುಸಿರಿಟ್ಟ ಹಾಗಾಯಿತು. ಆಮೇಲೆ ಬಾಗಿಲಗಲದ ಗಾರೆ, ಜಲ್ಲಿ, ತುಕ್ಕಿನ ಹೊಪ್ಪಳೆ ಎಲ್ಲ ಒಟ್ಟಿಗೇ ಕೆಳಕ್ಕೆ ಬಂತು. ಇಬ್ಬರೂ ಹೊಸ್ತಿಲ ಮೇಲೆ ಬಿದ್ದರು. ಕದಿರಮ್ಮನ ಬಲಗಾಲಿನ ಪಾದ ಒಳಗಿತ್ತು.

ಧೂಳು ಇಳಿದಾಗ ಒಲೆ ಇರಲಿಲ್ಲ. ಅದರ ಜಾಗದಲ್ಲಿ ಮಂಡಿಯೆತ್ತರದ ಗುಡ್ಡೆ ಇತ್ತು. ಗುಡ್ಡೆಯ ಕೆಳಗಿನಿಂದ ಬೇಳೆಯ ನೀರು ಹರಿದು ಬರುತ್ತಿತ್ತು. ಹರಿತಾ ಕೂಗುತ್ತ ಬಂದವಳು ಮೊದಲು ಹಿತ್ತಲಿಗೆ ವಾಪಸು ಓಡಿ ಸಿಲಿಂಡರ್ ಬಂದ್ ಮಾಡಿದಳು. ಮೇಲೆ, ಬಿದ್ದ ಜಾಗದಲ್ಲಿ, ಹುಳು ತಿಂದ ಕಡ್ಡಿಯ ಹಾಗೆ ಸವೆದ ಕಂಬಿಗಳು ನೇತಾಡುತ್ತಿದ್ದವು.

ಕದಿರಮ್ಮನ ಪಾದದ ಮೂರು ಮೂಳೆ ಮುರಿದಿತ್ತು. ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅವಳು ನೋವಿಗೆ ಆವುಲಪ್ಪನ ಕೈಯನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಬಿಟ್ಟಿದ್ದು ಡಾಕ್ಟರು ಬಿಡಿಸಿದಾಗಲೇ.

ಮಾರನೇ ದಿನ ಮುನಿಶಾಮಪ್ಪನೇ ಆವುಲಪ್ಪನಿಗೆ ಹೇಳಿಕಳಿಸಿದ. ಹೋದಾಗ ಅವನು ಅಡುಗೆಮನೆಯ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದೇ ದಿನದಲ್ಲಿ ಬೆನ್ನು ಬಾಗಿತ್ತು. ಗಾರೆಯ ಒಂದು ಹೆಂಟೆ ಎತ್ತಿ ಮುಷ್ಟಿಯಲ್ಲಿ ಹಿಸುಕಿದ. ಅದು ಪುಡಿಯಾಗಿ ಬೆರಳ ಸಂದಿಯಿಂದ ಸೋರಿತು.

“ಇದು ಮರಳಲ್ಲ ಕಣೋ ಆವುಲಪ್ಪ” ಎಂದ. “ನನ್ನ ಹೊಲದ ಮಣ್ಣು.”

ಆಗ ಎಲ್ಲರೂ ಮಾಡುತ್ತಿದ್ದರು, ಎಂದು ಅವನು ನಿಧಾನವಾಗಿ ಹೇಳಿದ. ಹೊಳೆ ಮರಳು ಸಿಗುತ್ತಿರಲಿಲ್ಲ. ಕೆರೆಯ ಕೆಳಗಿನ ಹೊಲದ ಮಣ್ಣನ್ನು ಗುಂಡಿಯಲ್ಲಿ ನೀರು ಬಿಟ್ಟು ತೊಳೆದು, ಕೆಳಗೆ ನಿಂತದ್ದನ್ನು ಫಿಲ್ಟರ್ ಮರಳು ಎಂದು ಮಾರುತ್ತಿದ್ದರು. ಮೇಸ್ತ್ರಿ ಬೇಡವೆಂದಿದ್ದ. ಮುನಿಶಾಮಪ್ಪ ತನ್ನ ಮನೆಗೂ ಹಾಕಿಸಿದ, ಊರಿಗೂ ಕೊಟ್ಟ. ಮೊದಲ ಬಿರುಕು ಕಂಡ ದಿನವೇ ಅವನಿಗೆ ಗೊತ್ತಾಗಿತ್ತು. ಒಡೆಸಿದರೆ ಒಳಗಿನದು ಊರಿಗೆಲ್ಲ ಕಾಣುತ್ತದೆ ಎಂದು ಹೆದರಿದ.

“ಊರಿಗೂ ಅಂದ್ರೆ?” ಎಂದ ಆವುಲಪ್ಪ. “ಎಷ್ಟು ಮನೆಗೆ?”

“ಏಳು.”

ಹೊರಗೆ ಯಾರದೋ ಮನೆಯಲ್ಲಿ ರುಬ್ಬುವ ಸದ್ದು. ಆವುಲಪ್ಪ ಎದ್ದು ಚೀಲದಿಂದ ಹೆರೆಯುವ ಪಟ್ಟಿ ತೆಗೆದುಕೊಂಡ. “ನಡೀರಿ” ಎಂದ. “ನೀವೇ ಬರ್ಬೇಕು. ನಾನು ಒಬ್ಬನೇ ಹೋದ್ರೆ ಯಾರೂ ಒಳಕ್ಕೆ ಬಿಡಲ್ಲ.”

ಮುನಿಶಾಮಪ್ಪ ಬಂದ. ಅವನ ಜೀವಮಾನದಲ್ಲೇ ಅದು ಅತಿ ಕಷ್ಟದ ನಡಿಗೆಯಾಗಿತ್ತು. ಮೊದಲ ಮನೆ ಶ್ಯಾಮಲಮ್ಮನದು. ಹೋದ ವರ್ಷ ತಾನೇ ಬಣ್ಣ ಬಳಿಸಿದ್ದೇವೆ ನೋಡಿ ಎಂದು ಆಕೆ ಹೆಮ್ಮೆಯಿಂದ ತೋರಿಸಿದಳು. ತಿಳಿಹಸಿರು ಮ್ಯಾಟ್, ಒಂದು ಚುಕ್ಕೆಯೂ ಇಲ್ಲ. ಆವುಲಪ್ಪ ಸ್ಟೂಲು ಹತ್ತಿ ಬಡಿದ. ಮೂಲೆಯಲ್ಲಿ ಟಕ್ ಎಂದಿತು. ನಡುವೆ ಬಂದಾಗ ಟಕ್ ಎನ್ನಲಿಲ್ಲ. ಮುನಿಶಾಮಪ್ಪ ಗೋಡೆ ಹಿಡಿದುಕೊಂಡು, “ಒಲೆ ಆರ್ಸಮ್ಮ” ಎಂದ. ಆಮೇಲೆ ತಾನು ಮಾಡಿದ್ದನ್ನು ಹೇಳಿದ. ಆಕೆ ಬೈದದ್ದನ್ನು ನಿಂತು ಕೇಳಿಸಿಕೊಂಡ.

ಸಂಜೆಯೊಳಗೆ ಆರು ಮನೆ ಮುಗಿಯಿತು. ನಾಲ್ಕರಲ್ಲಿ ಟೊಳ್ಳು. ಎರಡು ಸದ್ಯಕ್ಕೆ ಗಟ್ಟಿ. ವಾರದೊಳಗೆ ಆ ನಾಲ್ಕು ಮನೆಯವರು ಅಡುಗೆ ಹಿತ್ತಲಿಗೆ ಸಾಗಿಸಿದರು, ಇಬ್ಬರು ಮೋಲ್ಡು ಒಡೆಸಲು ಶುರುಮಾಡಿದರು. ಮುನಿಶಾಮಪ್ಪನ ಮನೆಯವರೆಲ್ಲ ಹುಳುವಿನ ಶೆಡ್ಡಿಗೆ ಹೋದರು. ಚಿಕ್ಕಬಳ್ಳಾಪುರದಿಂದ ಬಂದ ಇಂಜಿನಿಯರು ನಡುಮನೆಯನ್ನೂ ನೋಡಿ, ಒಳಗೆ ಯಾರೂ ಮಲಗಬೇಡಿ ಎಂದಿದ್ದ. ಹೆಣ್ಣಿನ ಕಡೆಯವರಿಂದ ಮತ್ತೆ ಮಾತು ಬರಲಿಲ್ಲ. ಬಿಳಿ ಆಯಿಲ್ ಪೇಂಟ್ ಕೆಲಸ ಕೆಡಿಸಿತೋ, ಜೀವ ಉಳಿಸಿತೋ ಎಂದು ಆವುಲಪ್ಪ ಆ ಇಂಜಿನಿಯರನ್ನು ಕೇಳಿದ. “ಎರಡೂ ಇರಬಹುದು” ಎಂದ ಅವನು, ಫೋಟೋ ತೆಗೆಯುತ್ತ.

ಏಳನೆಯ ಮನೆ ಎರ್ರಪ್ಪನದು. ಅವನಿಗೂ ಮುನಿಶಾಮಪ್ಪನಿಗೂ ಹಳೆಯ ಬದುವಿನ ಜಗಳ. ಬಾಗಿಲಲ್ಲೇ ತಡೆದು, “ನಿನ್ನ ಮನೆ ಬಿತ್ತು ಅಂತ ನನ್ನ ಮನೇನೂ ಬೀಳಿಸೋಕೆ ಬಂದ್ಯಾ?” ಎಂದು ಬಾಗಿಲು ಹಾಕಿಕೊಂಡ. ಆವುಲಪ್ಪ ಮೂರು ಸಲ ಹೋದ. ಹರಿತಾ ಎರ್ರಪ್ಪನ ಸೊಸೆಯ ಹತ್ತಿರ ಮಾತಾಡಿದಳು. ಪಂಚಾಯಿತಿಯವರೂ ಹೇಳಿದರು. ನಮ್ಮ ಸೀಲಿಂಗ್ ನೋಡಿ, ಒಂದು ಗೆರೆಯಿಲ್ಲ ಎನ್ನುತ್ತಾನಂತೆ ಎರ್ರಪ್ಪ. ಬೆಣ್ಣೆ ಬಣ್ಣವಂತೆ, ಮ್ಯಾಟಂತೆ.

ಈಗ ಆವುಲಪ್ಪ ಆ ಊರಿಗೆ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಹೋಗಿಬರುತ್ತಾನೆ. ಎರ್ರಪ್ಪನ ಮನೆಯ ಎದುರು ಮೊಪೆಡ್ ನಿಲ್ಲಿಸಿ, ಇಂಜಿನ್ ಆರಿಸಿ, ರಾಗಿ ಸುರಿದಂಥ ಆ ಸದ್ದಿಗೆ ಕಿವಿಗೊಟ್ಟು ಕೂರುತ್ತಾನೆ. ಹನ್ನೊಂದರ ಹೊತ್ತಿಗೆ ಒಳಗಿನಿಂದ ಕುಕ್ಕರ್ ಕೂಗುವುದು ಕೇಳಿಸುತ್ತದೆ. ಒಂದು, ಎರಡು, ಮೂರು. ಆಮೇಲೆ ಪಾತ್ರೆಗಳ ಸದ್ದು, ಯಾರೋ ಹೆಂಗಸು ಮಗುವನ್ನು ಊಟಕ್ಕೆ ಕರೆಯುವ ದನಿ.